ಪಟ್ಟಿ ಬಿಚ್ಚಿದ ನ್ಯಾಯದೇವತೆ, ಹೊರಗೇ ನಿಂತ ಅಂಧ ನ್ಯಾಯಾಧೀಶರು

2024ರ ಅಕ್ಟೋಬರ್‌ನಲ್ಲಿ ಒಂದು ಫೋಟೊ ಎಲ್ಲರ ಮೊಬೈಲ್‌ಗೂ ಬಂತು. ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳ ಲೈಬ್ರರಿಯಲ್ಲಿ ನಿಲ್ಲಿಸಿದ ಹೊಸ ನ್ಯಾಯದೇವತೆ. ಸೀರೆ ಉಟ್ಟಿದ್ದಾಳೆ, ತಲೆಗೆ ಕಿರೀಟ, ಬಲಗೈಯಲ್ಲಿ ತಕ್ಕಡಿ. ಹಳೆಯ ಪ್ರತಿಮೆಯಲ್ಲಿ ಕತ್ತಿ ಇದ್ದ ಕೈಯಲ್ಲಿ ಈಗ ಸಂವಿಧಾನ ಇದೆ. ಕಣ್ಣಿಗೆ ಪಟ್ಟಿ ಇಲ್ಲ.

ಚರ್ಚೆ ಶುರುವಾಗಲು ಅಷ್ಟು ಸಾಕಾಯಿತು. ಕಾನೂನು ಕುರುಡಲ್ಲ, ಅದು ಎಲ್ಲರನ್ನೂ ಸಮಾನವಾಗಿ ನೋಡುತ್ತದೆ ಎನ್ನುವುದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಆಶಯ ಎಂದು ಪತ್ರಿಕೆಗಳು ಬರೆದವು. ಬ್ರಿಟಿಷರ ಗುರುತು ಹೋಯಿತು ಎಂದು ಒಂದಷ್ಟು ಜನ ಖುಷಿಪಟ್ಟರು. ಪಟ್ಟಿ ಇದ್ದದ್ದೇ ಪಕ್ಷಪಾತ ಬೇಡ ಅಂತ, ಈಗ ಕಣ್ಣು ಬಿಟ್ಟು ಯಾರ ಮುಖ ನೋಡುತ್ತಾಳೋ ಎಂದು ಇನ್ನೊಂದಷ್ಟು ಜನ ಕುಟುಕಿದರು. ನಮ್ಮನ್ನು ಒಂದು ಮಾತೂ ಕೇಳದೆ ಕೋರ್ಟ್‌ನ ಲಾಂಛನ, ಪ್ರತಿಮೆ ಎರಡನ್ನೂ ಬದಲಾಯಿಸಿದ್ದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ವಕೀಲರ ಸಂಘ ನಿರ್ಣಯವನ್ನೇ ಪಾಸು ಮಾಡಿತು.

ಈ ಗದ್ದಲದಲ್ಲಿ ಒಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಪ್ರತಿಮೆಯ ಕಣ್ಣಿನ ಬಗ್ಗೆ ಊರೆಲ್ಲ ಮಾತಾಡುತ್ತಿದ್ದಾಗ, ನಿಜವಾಗಿಯೂ ಕಣ್ಣಿಲ್ಲದವರು ನ್ಯಾಯಾಧೀಶರಾಗಬಹುದೇ ಎಂಬ ಪ್ರಶ್ನೆ ಅದೇ ಕೋರ್ಟ್‌ನ ಮುಂದೆ ಬಾಕಿ ಇತ್ತು. ಮಧ್ಯಪ್ರದೇಶದಲ್ಲಿ ಸಿವಿಲ್ ಜಡ್ಜ್ ಹುದ್ದೆಗೆ ಓದುತ್ತಿದ್ದ ಅಂಧ ಅಭ್ಯರ್ಥಿಯ ತಾಯಿ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದಿದ್ದರು. ಆ ರಾಜ್ಯದ ನೇಮಕಾತಿ ನಿಯಮದ 6ಎ ಪ್ರಕಾರ ದೃಷ್ಟಿಯಿಲ್ಲದವರು ಆ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿರಲಿಲ್ಲ. ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂಬ ಮಾತೇ ಅಲ್ಲಿ ಬರುತ್ತಿರಲಿಲ್ಲ. ಕೋರ್ಟ್ ಆ ಪತ್ರವನ್ನೇ ಅರ್ಜಿ ಎಂದು ಎತ್ತಿಕೊಂಡಿತ್ತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಚಿತ್ರ ಅನಿಸುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿದ ಹೆಣ್ಣನ್ನು ನ್ಯಾಯದ ಗುರುತು ಅಂತ ನೂರಾರು ವರ್ಷ ಕೋರ್ಟ್‌ಗಳಲ್ಲಿ ನಿಲ್ಲಿಸಿದ್ದೇವೆ. ಹುಟ್ಟಿನಿಂದ ಕಣ್ಣಿಲ್ಲದವರು ಕಾನೂನು ಓದಿ ಬಂದರೆ ಅದೇ ಕೋರ್ಟ್‌ನ ಪೀಠ ಹತ್ತಬೇಡಿ ಅಂದಿದ್ದೇವೆ. ಬಟ್ಟೆ ಬಿಚ್ಚಿದರೆ ಕಾಣುತ್ತದೆ ಎಂಬ ಭರವಸೆ ಇರುವ ಕುರುಡುತನಕ್ಕೆ ಮಾತ್ರ ಕಾನೂನು ಮರ್ಯಾದೆ ಕೊಟ್ಟಿದೆ. ಇದು ಇಂದು ನಿನ್ನೆಯದೂ ಅಲ್ಲ, ಒಂದು ದೇಶದ್ದೂ ಅಲ್ಲ.

ಆ ಪಟ್ಟಿಯ ಕಥೆ ಮೊದಲು ನೋಡೋಣ. ಗ್ರೀಕರ ಥೆಮಿಸ್‌ಗೆ ಪಟ್ಟಿ ಇರಲಿಲ್ಲ. ರೋಮನ್ನರ ನಾಣ್ಯಗಳಲ್ಲಿ ಬರುವ ಯುಸ್ತಿತಿಯಾ ಕೂಡ ಕಣ್ಣು ಬಿಟ್ಟೇ ಇರುತ್ತಾಳೆ. ಪಟ್ಟಿ ಎದ್ದು ಕಾಣುವುದು 1494ರಲ್ಲಿ, ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಅಚ್ಚಾದ ಸೆಬಾಸ್ಟಿಯನ್ ಬ್ರಾಂಟ್‌ನ ‘ಮೂರ್ಖರ ಹಡಗು’ ಎಂಬ ವಿಡಂಬನೆಯ ಪುಸ್ತಕದಲ್ಲಿ. ಅದರ ಒಂದು ಮರದಚ್ಚಿನ ಚಿತ್ರದಲ್ಲಿ ನ್ಯಾಯದೇವತೆ ಕತ್ತಿ, ತಕ್ಕಡಿ ಹಿಡಿದು ಕೂತಿದ್ದಾಳೆ. ಹಿಂದಿನಿಂದ ವಿದೂಷಕನ ಟೋಪಿ ಹಾಕಿದ ಒಬ್ಬ ಬಂದು ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾನೆ. ಸುಮ್‌ಸುಮ್ನೆ ಜಗಳ ತೆಗೆದು ಕೋರ್ಟು ಹತ್ತುವವರ ಬಗ್ಗೆ ಬರೆದ ಅಧ್ಯಾಯ ಅದು. ಅಲ್ಲಿ ಪಟ್ಟಿ ನ್ಯಾಯದ ಗುಣವೇನಲ್ಲ. ನ್ಯಾಯಕ್ಕೆ ಮೂರ್ಖರು ಮಾಡಿದ ಮೋಸ.

ಆಮೇಲೆ ಐವತ್ತು ವರ್ಷದೊಳಗೆ ಅರ್ಥ ತಿರುಗಿತು. 1543ರಲ್ಲಿ ಬರ್ನ್ ನಗರದ ಬೀದಿಯ ಕಾರಂಜಿಯ ಮೇಲೆ ನಿಲ್ಲಿಸಿದ ನ್ಯಾಯದೇವತೆಗೂ ಕಣ್ಣಪಟ್ಟಿ ಇದೆ. ಅವಳ ಕಾಲ ಬುಡದಲ್ಲಿ ಪೋಪ್, ಚಕ್ರವರ್ತಿ, ಸುಲ್ತಾನ ಮತ್ತು ಊರಿನ ಮುಖ್ಯಸ್ಥ. ಎಷ್ಟೇ ದೊಡ್ಡವರಿರಲಿ, ಇವಳು ಮುಖ ನೋಡಿ ಮಣೆ ಹಾಕುವವಳಲ್ಲ ಎಂದು ಅದರ ಅರ್ಥ. ಆದರೆ ಈ ಹೊಸ ಅರ್ಥದಿಂದ ಎಲ್ಲರಿಗೂ ಸಮಾಧಾನವಾಗಿರಲಿಲ್ಲ. ಹದಿನಾರನೇ ಶತಮಾನದಲ್ಲೇ ಡಾಮ್‌ಹೌಡರ್ ಎಂಬ ಕಾನೂನು ಪಂಡಿತನ ಗ್ರಂಥದ ಚಿತ್ರವೊಂದರಲ್ಲಿ ನ್ಯಾಯದೇವತೆಗೆ ಎರಡು ಮುಖ. ಒಂದಕ್ಕೆ ಪಟ್ಟಿ, ಇನ್ನೊಂದಕ್ಕೆ ಬಿಟ್ಟ ಕಣ್ಣು. ನಾವು 2024ರಲ್ಲಿ ಟಿವಿಯಲ್ಲಿ ಕೂತು ಮಾಡಿದ ಜಗಳ ಅವರಲ್ಲಿ ಆಗಲೇ ನಡೆದಿತ್ತು. ಅಂದಹಾಗೆ, ಪಟ್ಟಿಯನ್ನು ಬ್ರಿಟಿಷರ ಗುರುತು ಅನ್ನುವವರು ಲಂಡನ್‌ನ ಓಲ್ಡ್ ಬೇಯ್ಲಿ ಕೋರ್ಟ್‌ನ ಗುಮ್ಮಟ ನೋಡಬೇಕು. ಅಲ್ಲಿರುವ ಚಿನ್ನದ ಬಣ್ಣದ ಪ್ರತಿಮೆ ಬ್ರಿಟನ್ನಿನ ಅತಿ ಹೆಸರಾದ ನ್ಯಾಯದೇವತೆ. ಅದಕ್ಕೆ ಪಟ್ಟಿಯೇ ಇಲ್ಲ.

ಯುರೋಪ್ ಬಿಟ್ಟು ನಮ್ಮ ಕಡೆ ಬಂದರೆ ಇದೇ ಗೊಂದಲ ಮಹಾಭಾರತದ ಒಂದೇ ಮನೆಯಲ್ಲಿ, ಗಂಡ ಹೆಂಡತಿಯ ರೂಪದಲ್ಲಿದೆ. ಧೃತರಾಷ್ಟ್ರ ಹಿರಿಯ ಮಗ, ಹುಟ್ಟು ಕುರುಡ. ಕಣ್ಣಿಲ್ಲ ಎಂಬ ಕಾರಣಕ್ಕೆ ಪಟ್ಟ ತಮ್ಮ ಪಾಂಡುವಿಗೆ ಹೋಯಿತು. ಅವನ ಕೈ ಹಿಡಿದ ಗಾಂಧಾರಿ ತಾನಾಗಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಅವಳು ಮಹಾಪತಿವ್ರತೆಯಾದಳು, ಆ ಬಟ್ಟೆಗೆ ಶಕ್ತಿ ಬಂತು. ಯುದ್ಧ ಮುಗಿದ ಮೇಲೆ ಬಟ್ಟೆಯ ಸಂದಿಯಿಂದ ಬಿದ್ದ ಅವಳ ನೋಟಕ್ಕೆ ಧರ್ಮರಾಯನ ಕಾಲುಗುರು ಕಪ್ಪಾಯಿತು ಎನ್ನುತ್ತದೆ ಕಥೆ. ಕಟ್ಟಿಕೊಂಡ ಕುರುಡಿಗೆ ತಪಸ್ಸಿನ ಫಲ, ಹುಟ್ಟಿನಿಂದ ಬಂದ ಕುರುಡಿಗೆ ಪಟ್ಟವೇ ಇಲ್ಲ.

ಧೃತರಾಷ್ಟ್ರನ ತಪ್ಪನ್ನು ನಾವು ಸಾಮಾನ್ಯವಾಗಿ ಅವನ ಕಣ್ಣಿನ ತಲೆಗೇ ಕಟ್ಟುತ್ತೇವೆ. ಮಗನ ಮೇಲಿನ ಮೋಹ ಅವನ ತಪ್ಪು, ಅದಕ್ಕೂ ಕಣ್ಣಿಗೂ ಸಂಬಂಧ ಇಲ್ಲ. ಕಣ್ಣಿದ್ದ ಎಷ್ಟು ಅಪ್ಪಂದಿರು ಹಾಗೇ ಮಾಡಿಲ್ಲ? ದ್ರೌಪದಿಯನ್ನು ಸಭೆಗೆ ಎಳೆದು ತಂದ ಸನ್ನಿವೇಶ ನೋಡಿ. ಅವಳು ಕೇಳಿದ್ದು ಪಕ್ಕಾ ಕಾನೂನಿನ ಪ್ರಶ್ನೆ. ತನ್ನನ್ನು ತಾನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಿಗೆ ಕಣ್ಣಿತ್ತು, ದ್ರೋಣನಿಗಿತ್ತು, ಕೃಪನಿಗಿತ್ತು. ಭೀಷ್ಮ ಧರ್ಮ ಸೂಕ್ಷ್ಮ ಅಂದು ಜಾರಿಕೊಂಡ. ಬಾಯಿ ಬಿಟ್ಟವರು ವಿದುರ ಮತ್ತು ವಿಕರ್ಣ ಮಾತ್ರ. ಕೊನೆಗೆ ವರ ಕೊಡುತ್ತೇನೆ ಕೇಳು ಅಂದು ಅವಳನ್ನೂ ಗಂಡಂದಿರನ್ನೂ ಬಿಡಿಸಿದವನು ಆ ಕುರುಡ ರಾಜನೇ. ಅಪಶಕುನಕ್ಕೆ ಹೆದರಿ ಕೊಟ್ಟ, ಒಪ್ಪೋಣ. ಆದರೂ ಆವತ್ತು ಆ ಸಭೆಯಿಂದ ಅವಳಿಗೆ ಸಿಕ್ಕ ಪರಿಹಾರ ಅದೊಂದೇ.

ಇದು ಪುರಾಣ, ಬಿಡಿ ಅನ್ನಬಹುದು. ಬಿಡುವ ಹಾಗಿಲ್ಲ. ಯಾಕೆಂದರೆ ಧೃತರಾಷ್ಟ್ರನಿಗೆ ಆದದ್ದು ಸಾವಿರಾರು ಸಾಮಾನ್ಯ ಮನೆಗಳಲ್ಲಿ ಆಸ್ತಿಯ ವಿಷಯದಲ್ಲೂ ಆಗಿದೆ, ಅದೂ ಕಾನೂನಿನ ಪ್ರಕಾರವೇ. ಇದರ ಒಂದು ತುದಿ ನಮ್ಮ ಬಸವಕಲ್ಯಾಣದಲ್ಲಿದೆ.

ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸರೆಯಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಕಲ್ಯಾಣದಂಥ ಊರು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಇರುವುದೂ ಇಲ್ಲ ಎಂದು ಪುಸ್ತಕದ ಕೊನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಬಂಗಾಳದ ಕಡೆ ಬಿಟ್ಟರೆ ಉಳಿದ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಈ ಗ್ರಂಥದ ಲೆಕ್ಕದಲ್ಲಿ. ಬ್ರಿಟಿಷರ ಕೋರ್ಟ್‌ಗಳೂ ಇದನ್ನೇ ಹಿಡಿದು ತೀರ್ಪು ಕೊಟ್ಟವು.

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಪಾಲಿಗೆ ಬಾರದವರ ಒಂದು ಪಟ್ಟಿ ಇದೆ. ನಪುಂಸಕ, ಜಾತಿಯಿಂದ ಹೊರಬಿದ್ದವನು, ಕುಂಟ, ಹುಚ್ಚ, ಮಂದಬುದ್ಧಿಯವನು, ಕುರುಡ, ವಾಸಿಯಾಗದ ರೋಗದವನು. ಇವರಿಗೆ ಹೊಟ್ಟೆ ಬಟ್ಟೆ ನೋಡಿಕೊಳ್ಳಬೇಕು, ಆಸ್ತಿಯಲ್ಲಿ ಪಾಲು ಕೊಡಬೇಕಿಲ್ಲ. ಮನುಸ್ಮೃತಿಯ ಮಾತೂ ಹೆಚ್ಚುಕಡಿಮೆ ಇದೇ. ಗಮನಿಸಬೇಕಾದ ಒಂದು ಅಂಶ ಇಲ್ಲಿದೆ. ಅವರ ಗಂಡುಮಕ್ಕಳಿಗೆ ಅಂಥ ಕೊರತೆ ಇಲ್ಲದಿದ್ದರೆ ಮಕ್ಕಳಿಗೆ ಪಾಲು ಸಿಗುತ್ತದೆ. ಅಂದರೆ ಆಸ್ತಿ ಅವನ ಬಳ್ಳಿಯಲ್ಲಿ ಹರಿಯಬಹುದು, ಅವನ ಕೈಯಲ್ಲಿ ನಿಲ್ಲಬಾರದು. ಧೃತರಾಷ್ಟ್ರನ ಮಕ್ಕಳು ರಾಜ್ಯ ನಮ್ಮದು ಅಂದದ್ದು ಯಾವ ನೆಲೆಯ ಮೇಲೆ ಎನ್ನುವುದೂ ಇದರಿಂದ ಅರ್ಥವಾಗುತ್ತದೆ.

ಅನ್ನ ಹಾಕುತ್ತೇವೆ, ಹಕ್ಕು ಕೇಳಬೇಡ. ಕರುಣೆಯ ಈ ಲೆಕ್ಕಾಚಾರ ಎಷ್ಟು ಗಟ್ಟಿ ಎಂದರೆ ಅದನ್ನು ಕಿತ್ತು ಹಾಕಲು 1928ರಲ್ಲಿ ಬೇರೆ ಕಾಯ್ದೆಯೇ ಬೇಕಾಯಿತು. ಕಾಯಿಲೆ, ಅಂಗದೋಷ ಇದೆ ಎಂಬ ಒಂದೇ ಕಾರಣಕ್ಕೆ ಹಿಂದೂ ವ್ಯಕ್ತಿಗೆ ಪಾಲು ತಪ್ಪಿಸುವಂತಿಲ್ಲ ಎಂದು ಆ ಕಾಯ್ದೆ ಹೇಳಿತು. ಹುಟ್ಟಿನಿಂದ ಬುದ್ಧಿಮಾಂದ್ಯ, ಮಾನಸಿಕ ಅಸ್ವಾಸ್ಥ್ಯ ಇರುವವರನ್ನು ಮಾತ್ರ ಆಗಲೂ ಹೊರಗಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಆ ಕೊನೆಯ ಬಾಗಿಲನ್ನೂ ತೆರೆಯಿತು. ತಮಾಷೆ ಎಂದರೆ, ಅಂಧರು ಉಯಿಲು ಬರೆಯಬಹುದು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಆಗಲೇ ಸ್ಪಷ್ಟವಾಗಿ ಹೇಳಿತ್ತು. ತಾನು ಮಾಡುತ್ತಿರುವುದು ಏನು ಎಂದು ತಿಳಿದಿದ್ದರೆ ಸಾಕು. ಅಂದರೆ ಕಾನೂನಿನ ಕಣ್ಣಲ್ಲಿ ಅಂಧ ವ್ಯಕ್ತಿ ಆಸ್ತಿ ಕೊಡಬಹುದಿತ್ತು, ಪಡೆಯುವುದು ಕಷ್ಟವಿತ್ತು.

ಕಣ್ಣಿಲ್ಲದವರಿಗೆ ನಮ್ಮ ಸಮಾಜ ಗೌರವವನ್ನೇ ಕೊಟ್ಟಿಲ್ಲ ಎಂದರೆ ತಪ್ಪಾಗುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಕನ್ನಡಿಗರು ಕಡಿಮೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಸಾವಿರಾರು ಅಂಧ ಮಕ್ಕಳಿಗೆ ಅನ್ನ ಹಾಕಿ, ಸಂಗೀತ ಕಲಿಸಿ, ಬದುಕು ಕಟ್ಟಿಕೊಟ್ಟರು. ಇಬ್ಬರೂ ಸ್ವತಃ ಅಂಧರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಅವರ ಬಗ್ಗೆ ಉತ್ತರ ಕರ್ನಾಟಕದ ಜನರಿಗಿರುವ ಭಕ್ತಿ ಸಾಮಾನ್ಯದ್ದಲ್ಲ. ಆದರೆ ಹಾಡಿಗೆ ಸಿಕ್ಕ ಆ ಜಾಗ ಬೇರೆ ಕೆಲಸಗಳಿಗೆ ಸಿಗಲಿಲ್ಲ. ಅಂಧ ಹುಡುಗ ಹಾರ್ಮೋನಿಯಂ ಹಿಡಿದರೆ ಕೈ ಮುಗಿಯುವ ಊರು, ಅವನು ಕೇಸಿನ ಕಟ್ಟು ಹಿಡಿದರೆ ‘ಇವನಿಗೇಕಪ್ಪ ಈ ಉಸಾಬರಿ’ ಅನ್ನುತ್ತದೆ.

ಈಗ ಪೀಠದ ಮಾತಿಗೆ ಬರೋಣ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಿವಿಲ್ ಜಡ್ಜ್ ಹುದ್ದೆಗೆ ಅಂಧತ್ವದ ಪ್ರಮಾಣ ಶೇ 50ರೊಳಗೆ ಇರಬೇಕು ಎಂಬ ಮಿತಿ ಅಲ್ಲಿತ್ತು. ಅರ್ಜಿದಾರರದ್ದು ಶೇ 70. ನ್ಯಾಯಾಧೀಶರಾದವರಿಗೆ ನೋಡುವ, ಕೇಳುವ, ಮಾತಾಡುವ ಶಕ್ತಿ ಒಂದು ಮಟ್ಟಕ್ಕಾದರೂ ಇರಬೇಕು, ಆದ್ದರಿಂದ ಮಿತಿ ಸರಿ ಎಂದಿತು ಕೋರ್ಟ್. 2021ರ ಫೆಬ್ರವರಿಯಲ್ಲಿ ಯುಪಿಎಸ್‌ಸಿ ಪರೀಕ್ಷೆಗೆ ಬರೆಯುವ ಸಹಾಯಕರನ್ನು ಕೇಳಿದ ಅಭ್ಯರ್ಥಿಯ ಕೇಸಿನಲ್ಲಿ ಅದೇ ಕೋರ್ಟ್ ರಾಗ ಬದಲಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಮೇಲೆ ಆ ಹಳೆಯ ತೀರ್ಪನ್ನು ಮೇಲ್ಪಂಕ್ತಿಯಾಗಿ ಹಿಡಿಯುವಂತಿಲ್ಲ ಎಂದಿತು. ಆ ಕಾಯ್ದೆಯ ತಿರುಳು ಸರಳ. ‘ನಿನ್ನಿಂದ ಆಗುತ್ತದಾ’ ಎಂದು ವ್ಯಕ್ತಿಯನ್ನು ಕೇಳುವ ಮೊದಲು, ‘ಆಗುವ ಹಾಗೆ ನಾವು ಏನು ಒದಗಿಸಬೇಕು’ ಎಂದು ವ್ಯವಸ್ಥೆ ತನ್ನನ್ನು ಕೇಳಿಕೊಳ್ಳಬೇಕು. ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲು, ಅದರಲ್ಲಿ ಶೇ 1 ಅಂಧರಿಗೆ, ಮಂದದೃಷ್ಟಿಯವರಿಗೆ.

ಆಮೇಲೆ ಬಂದದ್ದು 2025ರ ಮಾರ್ಚ್ 3ರ ತೀರ್ಪು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಮಧ್ಯಪ್ರದೇಶದ 6ಎ ನಿಯಮವನ್ನು ರದ್ದು ಮಾಡಿದರು. ಅಂಗವೈಕಲ್ಯ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯ ಆಯ್ಕೆಯಿಂದ ಹೊರಗಿಡುವಂತಿಲ್ಲ ಎಂದರು. ಮೊದಲ ಪ್ರಯತ್ನದಲ್ಲೇ ಶೇ 70 ಅಂಕ ಇರಬೇಕು, ಇಲ್ಲವೇ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ಷರತ್ತೂ ವಿಕಲಚೇತನರ ಮಟ್ಟಿಗೆ ಬಿದ್ದುಹೋಯಿತು. ಅವರಿಗೆ ಕಟ್‌ಆಫ್ ಅಂಕ ಬೇರೆಯೇ ಇರಬೇಕು ಎಂದೂ ಹೇಳಿದರು.

ತೀರ್ಪು ಓದಿ ‘ಆದರೂ...’ ಅನ್ನುವವರು ಇದ್ದೇ ಇರುತ್ತಾರೆ. ಅವರ ಆಕ್ಷೇಪವನ್ನು ತಳ್ಳಿಹಾಕುವುದು ಬೇಡ. ಸಾಕ್ಷಿ ಕಟಕಟೆಯಲ್ಲಿ ನಿಂತಾಗ ಅವನ ಮುಖಭಾವ ನೋಡಬೇಕಲ್ಲ? ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಸೆಕ್ಷನ್‌ನಲ್ಲೇ ಸಾಕ್ಷಿಯ ವರ್ತನೆ ಬಗ್ಗೆ ಮುಖ್ಯ ಅನಿಸಿದ್ದನ್ನು ನ್ಯಾಯಾಧೀಶರು ಬರೆದಿಡಬೇಕು ಎಂದಿತ್ತು. ಸಹಿ ಹೋಲಿಸಬೇಕು, ನಕ್ಷೆ ನೋಡಬೇಕು, ಮಚ್ಚು ಕೊಡಲಿ ಮೇಜಿನ ಮೇಲಿಟ್ಟಾಗ ನೋಡಬೇಕು.

ಮುಖಭಾವದ ಮಾತನ್ನೇ ತೆಗೆದುಕೊಳ್ಳಿ. ಮೊದಲ ಸಲ ಕೋರ್ಟ್ ಮೆಟ್ಟಿಲು ಹತ್ತಿದ ಹಳ್ಳಿಯ ಮನುಷ್ಯ ಕಪ್ಪು ಕೋಟುಗಳ ನಡುವೆ ನಿಂತು ಬೆವರುತ್ತಾನೆ, ತಡವರಿಸುತ್ತಾನೆ, ತಲೆ ಎತ್ತುವುದಿಲ್ಲ. ಹತ್ತಾರು ಕೇಸುಗಳಲ್ಲಿ ಪಳಗಿದವನು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾನೆ. ಯಾರ ಮುಖ ಯಾರಿಗೆ ಏನು ಹೇಳಿತು? ಮೇಲ್ಮನವಿ ಕೋರ್ಟ್‌ಗಳು ಸಾಕ್ಷಿಯ ಮುಖ ನೋಡುವುದೇ ಅಪರೂಪ. ಹೈಕೋರ್ಟ್ ಒಬ್ಬನ ಜೀವಾವಧಿಯನ್ನು ಎತ್ತಿಹಿಡಿಯುವುದೋ ಬಿಡುಗಡೆ ಮಾಡುವುದೋ ಕಾಗದದ ಮೇಲಿನ ಸಾಕ್ಷ್ಯ ಓದಿಯೇ ಅಲ್ವಾ? ಸಹಿ ಹೋಲಿಕೆಯೂ ಹಾಗೇ. ಬರಿಗಣ್ಣಲ್ಲಿ ಹೋಲಿಸಿ ನಿರ್ಧರಿಸಬೇಡಿ, ತಜ್ಞರ ಅಭಿಪ್ರಾಯ ಪಡೆಯುವುದು ಮೇಲು ಎಂದು ಸುಪ್ರೀಂ ಕೋರ್ಟ್ ಕಣ್ಣಿದ್ದ ನ್ಯಾಯಾಧೀಶರಿಗೇ ಎಚ್ಚರಿಕೆ ಕೊಟ್ಟಿದೆ. ಹಾಗಂತ ವಿಚಾರಣಾ ಕೋರ್ಟ್‌ನಲ್ಲಿ ಕಷ್ಟವೇ ಇಲ್ಲ ಎಂದಲ್ಲ. ಜಮೀನಿನ ಹದ್ದುಬಸ್ತಿನ ನಕ್ಷೆ ಬಂದಾಗ ಅದನ್ನು ವಿವರಿಸಿ ಹೇಳುವ ನಂಬಿಕೆಯ ಸಹಾಯಕರು ಬೇಕು. ಆ ವಿವರಣೆಯನ್ನು ಎರಡೂ ಕಡೆಯ ವಕೀಲರ ಮುಂದೆಯೇ ಕೇಳಿಸಿಕೊಂಡರೆ ತಕರಾರು ಅಲ್ಲೇ ಇತ್ಯರ್ಥವಾಗುತ್ತದೆ.

ಮಾಡಿ ತೋರಿಸಿದವರೂ ಇದ್ದಾರೆ. ಹದಿನೆಂಟನೇ ಶತಮಾನದ ಲಂಡನ್‌ನ ಬೋ ಸ್ಟ್ರೀಟ್‌ನಲ್ಲಿ ಜಾನ್ ಫೀಲ್ಡಿಂಗ್ ಎಂಬ ಮ್ಯಾಜಿಸ್ಟ್ರೇಟ್ ಇದ್ದ. ಹತ್ತೊಂಬತ್ತನೇ ವಯಸ್ಸಿಗೆ ದೃಷ್ಟಿ ಹೋಗಿತ್ತು. ಮೂರು ಸಾವಿರ ಕಳ್ಳಕಾಕರನ್ನು ದನಿಯಲ್ಲೇ ಗುರುತು ಹಿಡಿಯುತ್ತಿದ್ದ ಎಂಬ ಪ್ರತೀತಿ ಇದೆ. ಲೆಕ್ಕದಲ್ಲಿ ಉಪ್ಪುಖಾರ ಜಾಸ್ತಿ ಇರಬಹುದು, ಆದರೆ ಅವನು ಕೆಳಗಿನ ಕೋರ್ಟ್‌ನಲ್ಲೇ ಕೂತು ದಿನನಿತ್ಯದ ಅಪರಾಧ ವಿಚಾರಣೆ ಮಾಡಿದ್ದು ನಿಜ. ಪಾಕಿಸ್ತಾನದ ಯೂಸುಫ್ ಸಲೀಂ ಲಿಖಿತ ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದರೂ ಸಂದರ್ಶನದಲ್ಲಿ ಕಣ್ಣಿಲ್ಲವೆಂದು ಬಿದ್ದರು. ಅಲ್ಲಿನ ಮುಖ್ಯ ನ್ಯಾಯಮೂರ್ತಿ ಮಧ್ಯೆ ಬಂದ ಮೇಲೆ 2018ರಲ್ಲಿ ಸಿವಿಲ್ ಜಡ್ಜ್ ಆದರು.

ನನಗೆ ಎಲ್ಲರಿಗಿಂತ ಮುಖ್ಯ ಅನಿಸುವವರು ದಕ್ಷಿಣ ಆಫ್ರಿಕಾದ ಝಾಕ್ ಯಾಕೂಬ್. ಭಾರತೀಯ ಮೂಲದ ಕುಟುಂಬ, ಮಗುವಾಗಿದ್ದಾಗಲೇ ಮೆದುಳು ಜ್ವರದಿಂದ ದೃಷ್ಟಿ ಹೋಯಿತು. 1998ರಿಂದ 2013ರವರೆಗೆ ಅಲ್ಲಿನ ಸಾಂವಿಧಾನಿಕ ಕೋರ್ಟ್‌ನ ನ್ಯಾಯಮೂರ್ತಿ. 2000ದಲ್ಲಿ ಬಂದ ಗ್ರೂಟ್‌ಬೂಮ್ ಪ್ರಕರಣದ ತೀರ್ಪು ಬರೆದವರು ಅವರೇ. ಗುಡಿಸಲು ಕಿತ್ತು ಓಡಿಸಿದ ಮೇಲೆ ಆಟದ ಮೈದಾನದಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತ ಬಡವರ ಕೇಸು ಅದು. ಸರ್ಕಾರದ ವಸತಿ ಯೋಜನೆ ಕಾಗದದಲ್ಲಿ ಚೆನ್ನಾಗಿದೆ, ಆದರೆ ತೀರಾ ದಿಕ್ಕಿಲ್ಲದವರು ಅದರ ಲೆಕ್ಕದಲ್ಲೇ ಇಲ್ಲ, ಆದ್ದರಿಂದ ಅದು ಸಂವಿಧಾನಕ್ಕೆ ತಕ್ಕದ್ದಲ್ಲ ಎಂದರು ಯಾಕೂಬ್. ಜಗತ್ತಿನ ಕಾನೂನು ಶಾಲೆಗಳಲ್ಲಿ ಇವತ್ತಿಗೂ ಆ ತೀರ್ಪನ್ನು ಪಾಠ ಮಾಡುತ್ತಾರೆ. ಇಡೀ ಸರ್ಕಾರಕ್ಕೆ ಕಾಣದ ಜನರನ್ನು ಕಂಡದ್ದು ಆ ನ್ಯಾಯಮೂರ್ತಿಗೆ.

ಪೀಠದ ಮೇಲೆ ಕೂರುವುದು ಕೆಲವರಿಗೆ ಮಾತ್ರ. ಸಾಕ್ಷಿಯಾಗಿ, ದೂರುದಾರರಾಗಿ ಕೋರ್ಟ್‌ಗೆ ಬರುವ ಅಂಧರು ಇನ್ನೂ ಜಾಸ್ತಿ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆಂಧ್ರಪ್ರದೇಶದ ಒಂದು ಅತ್ಯಾಚಾರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಂತ್ರಸ್ತೆ ಹುಟ್ಟು ಅಂಧೆ, ದಲಿತ ಯುವತಿ. ಆರೋಪಿ ಅವಳ ಅಣ್ಣಂದಿರ ಗೆಳೆಯ, ಮನೆಗೆ ಬಂದು ಹೋಗುತ್ತಿದ್ದವನು. ಅವನ ದನಿ ಅವಳಿಗೆ ಚಿರಪರಿಚಿತ. ಅವಳು ಗುರುತಿಸಿದ್ದೂ ದನಿಯಿಂದಲೇ. ಇಂಥ ಕಡೆ ‘ನೋಡಿದ್ದೀಯಾ’ ಎಂಬ ಪಾಟೀಸವಾಲಿಗೆ ಕೇಸು ಬಿದ್ದುಹೋಗುವ ಅಪಾಯ ಯಾವಾಗಲೂ ಇರುತ್ತದೆ. ವಿಕಲಚೇತನರು ಜಗತ್ತನ್ನು ಬೇರೆ ರೀತಿಯಲ್ಲಿ ಅರಿಯುತ್ತಾರೆ, ಅಷ್ಟಕ್ಕೇ ಅವರ ಸಾಕ್ಷ್ಯ ದುರ್ಬಲವಾಗುವುದಿಲ್ಲ ಎಂದಿತು ಕೋರ್ಟ್. ಜೀವಾವಧಿ ಶಿಕ್ಷೆ ಉಳಿಯಿತು. ಆದರೆ ಅವಳ ಜಾತಿಯ ಕಾರಣಕ್ಕೇ ಈ ಕೃತ್ಯ ನಡೆಯಿತು ಎನ್ನಲು ಪುರಾವೆ ಇಲ್ಲವೆಂದು ದೌರ್ಜನ್ಯ ತಡೆ ಕಾಯ್ದೆಯಡಿ ಆಗಿದ್ದ ಶಿಕ್ಷೆ ನಿಲ್ಲಲಿಲ್ಲ. ಹೆಣ್ಣು, ದಲಿತೆ, ಅಂಧೆ ಎಂಬ ಮೂರು ಸಂಗತಿ ಅವಳ ಬದುಕಿನಲ್ಲಿ ಒಟ್ಟಿಗೇ ಇದ್ದವು ಎಂದು ಅದೇ ತೀರ್ಪು ಪುಟಗಟ್ಟಲೆ ವಿವರಿಸುತ್ತದೆ. ತನಿಖೆ ಮತ್ತು ವಿಚಾರಣೆ ಮಾತ್ರ ಅವನ್ನು ಬೇರೆ ಬೇರೆ ಖಾನೆಯಲ್ಲಿಟ್ಟು ಪುರಾವೆ ಕೇಳುತ್ತವೆ.

ಇಲ್ಲಿಗೆ ಕಣ್ಣಪಟ್ಟಿಯ ಹಳೆಯ ಜಗಳ ಮತ್ತೆ ಬಂತು. ಯಾವುದನ್ನು ನೋಡಬಾರದು, ಯಾವುದನ್ನು ನೋಡಲೇಬೇಕು? ಎರಡಕ್ಕೂ ಇತ್ತೀಚಿನ ಉದಾಹರಣೆ ಇದೆ. ಕೇಸಿನ ಕಾಗದಗಳಲ್ಲಿ ಕಕ್ಷಿದಾರರ ಜಾತಿ, ಧರ್ಮ ಬರೆಯುವ ಪದ್ಧತಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿತು. ಪಟ್ಟಿ ಕಟ್ಟಿಕೊಳ್ಳಬೇಕಾದ ಜಾಗ ಅದು. ಅದೇ ವರ್ಷ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳೊಳಗೆ ಒಳಮೀಸಲಾತಿ ಮಾಡಬಹುದು ಎಂದಿತು. ಕರ್ನಾಟಕದಲ್ಲಿ ನಾಗಮೋಹನ್ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿಸಿ ಜಾತಿಜಾತಿಯ ಲೆಕ್ಕ ಹಾಕಿತು. ಅತಿ ಸಣ್ಣ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಕೊಡಿ ಎಂದು ಶಿಫಾರಸು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಪುಟ ಪರಿಶಿಷ್ಟ ಜಾತಿಗಳ ಒಟ್ಟು ಶೇ 17 ಮೀಸಲನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಿದಾಗ ಆ ಪ್ರತ್ಯೇಕ ಪಾಲು ಕರಗಿ ದೊಡ್ಡವರ ಗುಂಪಿಗೆ ಸೇರಿತು. ಅಲೆಮಾರಿಗಳು ಬೀದಿಗಿಳಿದರು. ಕಣ್ಣು ಬಿಟ್ಟು ನೋಡಬೇಕಾದ ಜಾಗ ಇದು, ಅದೂ ಹತ್ತಿರದಿಂದ.

ಎಲ್ಲರಿಗೂ ಒಂದೇ ನಿಯಮ ಎಂದಾಗ ನ್ಯಾಯ ಆಯಿತು ಅನಿಸುತ್ತದೆ. ಆದರೆ 2025ರ ಮೇ 20ರ ಇನ್ನೊಂದು ತೀರ್ಪು ನೋಡಿ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯುವ ಯಾರೇ ಆಗಲಿ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿತು. ಕಾಲೇಜಿನಿಂದ ನೇರ ಬಂದ ಹುಡುಗರಿಗೆ ಕೋರ್ಟ್‌ನ ಅನುಭವ ಇರುವುದಿಲ್ಲ ಎಂಬ ಕಾರಣ ಸರಿಯೇ. ಆದರೆ ಈಗಷ್ಟೇ ಕಾನೂನು ಮುಗಿಸಿದ ಅಂಧ ಹುಡುಗಿಗೆ ಆ ಮೂರು ವರ್ಷ ಎಲ್ಲಿ ಸಿಗುತ್ತದೆ? ಜೂನಿಯರ್ ಆಗಿ ಸೇರಿಸಿಕೊಳ್ಳುವ ಸೀನಿಯರ್ ವಕೀಲರು ಬೇಕು. ತಾಲ್ಲೂಕು ಕೋರ್ಟ್‌ನ ಮೆಟ್ಟಿಲು, ಕಾರಿಡಾರ್, ಕೂಗು, ಧಾವಂತದ ಮಧ್ಯೆ ಓಡಾಡಬೇಕು. ಎರಡು ತಿಂಗಳ ಹಿಂದಷ್ಟೇ ವಿಕಲಚೇತನರ ಮಟ್ಟಿಗೆ ತೆಗೆದ ತಡೆ ಬೇರೆ ರೂಪದಲ್ಲಿ ವಾಪಸ್ ಬಂದಂತಾಯಿತು.

ಎಲ್ಲಕ್ಕಿಂತ ದೊಡ್ಡ ಗೋಡೆ ಫೈಲುಗಳದ್ದು. ಅಂಧ ವಕೀಲರು ಕಂಪ್ಯೂಟರ್‌ನಲ್ಲಿ ಓದುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದಕ್ಕೆ ಅಕ್ಷರ ಬೇಕು. ನಮ್ಮ ಕೋರ್ಟ್‌ಗಳ ದಾಖಲೆಯಲ್ಲಿ ಬಹಳಷ್ಟು ಸ್ಕ್ಯಾನ್ ಮಾಡಿದ ಹಾಳೆ. ಅಂದರೆ ಅದು ಬರೀ ಫೋಟೊ, ತಂತ್ರಾಂಶ ಸುಮ್ಮನೆ ಕೂರುತ್ತದೆ. ಮೇಲೆ ಸೀಲು, ಅಡ್ಡ ಸಹಿ ಇದ್ದರಂತೂ ಪಠ್ಯವಾಗಿ ಬದಲಾಯಿಸಲು ಹೋದರೂ ಕೆಡುತ್ತದೆ. ಕರ್ನಾಟಕದಲ್ಲಿ ಇದರ ಜೊತೆ ನಮ್ಮದೇ ಒಂದು ತಾಪತ್ರಯ ಇದೆ. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನೇ ಪ್ರಾಮಾಣಿಕವಾಗಿ ಓದುತ್ತದೆ. ದಾವೆಯ ಮೊದಲ ಸಾಲು ಕೇಳಿದರೆ ತಲೆಬುಡ ತಿಳಿಯುವುದಿಲ್ಲ.

ಬ್ಯಾಂಕಿನ ಕೆವೈಸಿಯಲ್ಲೂ ಇದೇ ಕಥೆ. ಜೀವಂತ ಇದ್ದೀರಿ ಎಂದು ತೋರಿಸಲು ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ ಅನ್ನುತ್ತದೆ ಆ್ಯಪ್. ಕಣ್ಣೇ ಇಲ್ಲದವರು, ಆಸಿಡ್ ದಾಳಿಯಲ್ಲಿ ರೆಪ್ಪೆ ಕಳೆದುಕೊಂಡವರು ಏನು ಮಾಡಬೇಕು? ಅಂಥವರೇ ಕೋರ್ಟ್‌ಗೆ ಹೋದರು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿ 20 ನಿರ್ದೇಶನ ಕೊಟ್ಟಿತು. ಅದಕ್ಕೂ ಮೊದಲು, 2024ರ ನವೆಂಬರ್‌ನಲ್ಲಿ, ವಿಕಲಚೇತನರಿಗೆ ಎಲ್ಲ ಕಡೆ ಅನುಕೂಲ ಇರಬೇಕು ಎಂಬ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದೂ ಹೇಳಿತ್ತು.

ಪ್ರತಿಮೆ ಬದಲಾಯಿಸಲು ಒಬ್ಬ ಶಿಲ್ಪಿ, ಒಂದು ಆದೇಶ ಸಾಕಾಯಿತು. ಅಂಧರಿಗೆ ಕೋರ್ಟ್‌ನ ಬಾಗಿಲು ತೆರೆಯಲು ಜಿಲ್ಲೆಜಿಲ್ಲೆಯಲ್ಲಿ ಕೆಲಸ ಆಗಬೇಕು. ಮುಂದಿನ ಸಿವಿಲ್ ಜಡ್ಜ್ ನೇಮಕಾತಿಯ ಅಧಿಸೂಚನೆ ಬಂದಾಗ ಕೆಲವು ಸಾಲುಗಳನ್ನು ಹುಡುಕಿ ಓದಿ. ಅಂಧರಿಗೆ ಎಷ್ಟು ಹುದ್ದೆ, ಕಟ್‌ಆಫ್ ಬೇರೆ ಇದೆಯೇ, ಪರೀಕ್ಷೆಯನ್ನು ಕಂಪ್ಯೂಟರ್‌ನಲ್ಲಿ ಬರೆಯಬಹುದೇ ಅಥವಾ ಸಹಾಯಕರನ್ನು ಮಾತ್ರ ಕೊಡುತ್ತಾರೋ, ಮೂರು ವರ್ಷದ ವಕೀಲಿಕೆಯಲ್ಲಿ ಏನಾದರೂ ಸಡಿಲಿಕೆ ಇದೆಯೇ, ಆಯ್ಕೆಯಾದವರಿಗೆ ಓದಿ ಹೇಳುವ ಸಹಾಯಕರ ಹುದ್ದೆ ಮಂಜೂರಾಗಿದೆಯೇ. ಆಮೇಲೆ ಆ ಅಧಿಸೂಚನೆಯ ಪಿಡಿಎಫ್‌ನಲ್ಲಿ ಒಂದು ಪದದ ಮೇಲೆ ಕರ್ಸರ್ ಇಟ್ಟು ಆಯ್ಕೆ ಮಾಡಲು ನೋಡಿ. ಅಕ್ಷರ ಆಯ್ಕೆಯಾಗದೆ ಇಡೀ ಪುಟ ಒಂದೇ ಚಿತ್ರವಾಗಿ ಹಿಡಿದುಕೊಂಡರೆ, ಅಂಧ ಅಭ್ಯರ್ಥಿ ಅರ್ಜಿ ಹಾಕಲು ಯಾರನ್ನಾದರೂ ಕರೆಯಬೇಕಾಗುತ್ತದೆ.